ದ್ವೀಪಕ್ಕೆಂದು ಹೊಲಿದ ಗೌನು

ನನ್ನದು ದಾರ, ಗುಂಡಿ ಮಾರುವ ಅಂಗಡಿ. ಪಕ್ಕದ್ದು ಟೈಲರಕ್ಕನದು. ಮದುವೆಯಾಗದೆ ತಮ್ಮನನ್ನು ಓದಿಸಿ, ಅವನ ಮನೆಯ ಹಿಂದಿನ ಕೋಣೆಯಲ್ಲೇ ಐವತ್ತು ದಾಟಿದವಳು. ಬೀದಿಗೆಲ್ಲ ಅಳತೆ ಹಿಡಿದವಳ ಅಳತೆಯನ್ನು ಯಾರೂ ಕೇಳಿದವರಲ್ಲ.

ಆ ವರ್ಷ ತಮ್ಮನ ಮನೆಯಲ್ಲಿ ದೂರದ ದ್ವೀಪದೇಶವೊಂದಕ್ಕೆ ಹೋಗಿಬರುವ ಮಾತೆದ್ದಿತು. ಅದುವರೆಗೆ ಆ ಮನೆಯಲ್ಲಿ ಯಾರೂ ವಿಮಾನ ಹತ್ತಿರಲಿಲ್ಲ. ತಮ್ಮನಿಗೆ ಪುರುಸೊತ್ತಿಲ್ಲ, ಅವನ ಹೆಂಡತಿಗೆ ಫೋನಿನಲ್ಲಿ ವಿಚಾರಿಸಲು ಸಂಕೋಚ. ಸರಿ, ಎಲ್ಲ ಅಕ್ಕನ ತಲೆಗೇ ಬಂತು. ಯಾವ ತಿಂಗಳು ಮಳೆ ಕಡಿಮೆ, ಯಾವ ಕೋಣೆಯ ಕಿಟಕಿಗೆ ಸಮುದ್ರ ಕಾಣುತ್ತದೆ, ಎಲ್ಲ ಕೇಳಿ ತಿಳಿದಳು. "ನಾವು ಬೆಳಿಗ್ಗೆನೇ ದೋಣಿ ಹತ್ತಬೇಕು, ಆಮೇಲೆ ಬಿಸಿಲು ಜಾಸ್ತಿ" ಅಂತ ನನಗೆ ದಿನಾ ಪಾಠ. ಯಾರಿಗೂ ಹೇಳದೆ ಪಾಸ್‌ಪೋರ್ಟೂ ಮಾಡಿಸಿಕೊಂಡಳು.

"ನಿನ್ನನ್ನ ಕರೆದಿದ್ದಾರೇನೇ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ಮನೆಯವರನ್ನ ಯಾರಾದ್ರೂ ಕರೀತಾರಾ? ನೀನೊಬ್ಬಳು!" ಎಂದು ನನ್ನನ್ನೇ ಬೈದಳು.

ತಮ್ಮನ ಇಬ್ಬರು ಮಕ್ಕಳಿಗೆ ಹಗುರ ಅಂಗಿ ಹೊಲಿದ ಮೇಲೆ, ತೆಳು ಹತ್ತಿಬಟ್ಟೆ ತಂದು ತನಗೊಂದು ಉದ್ದ ಗೌನಿಗೆ ಕೈಹಾಕಿದಳು. ಸೊಂಟದ ಅಳತೆ ಹಿಡಿಯುವಾಗ ಉಸಿರು ಎಳೆದುಕೊಂಡು ಟೇಪಿಗೇ ಮೋಸ ಮಾಡಿದಳು. ಇಬ್ಬರೂ ನಕ್ಕೆವು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದ ಹಾಗಾಯ್ತು" ಎಂದು ಛೇಡಿಸಿದೆ. ಅವಳ ನಗು ಅಲ್ಲಿಗೇ ನಿಂತಿತು.

ಟಿಕೆಟ್ಟು ಬಂದ ದಿನ ತಮ್ಮನ ಹೆಂಡತಿ ಅಂಗಡಿಗೆ ಓಡಿಬಂದಳು. ಗೂಟದಲ್ಲಿದ್ದ ಗೌನು ಕಣ್ಣಿಗೆ ಬಿತ್ತು. "ಅಯ್ಯೋ ಅತ್ತಿಗೆ, ನನಗೂ ಹೊಲಿದುಬಿಟ್ರಾ!" ಎಂದವಳೇ ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು ಬಂದಳು. ಅಂಚು ನೆಲ ಗುಡಿಸುತ್ತಿತ್ತು.

"ಸ್ವಲ್ಪ ಉದ್ದ ಆಯ್ತು ಅಷ್ಟೇ. ನಾವು ನಾಲ್ಕು ಜನಾನೂ ಹೊರಟ್ರೂ ಮನೇಲಿ ನೀವಿರ್ತೀರಲ್ಲ, ಅದೇ ಧೈರ್ಯ."

ಕೆಟ್ಟವಳಲ್ಲ ಆ ಹುಡುಗಿ. ಅದಕ್ಕೇ ನನಗೆ ಇನ್ನಷ್ಟು ಮೈ ಉರಿಯಿತು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಗದರಿದಳು. ತುಟಿಯಲ್ಲಿ ಪಿನ್ನು ಕಚ್ಚಿಕೊಂಡು, ಅವಳ ಕಾಲ ಬಳಿ ಕುಳಿತು, ಅಂಚಿಗೆ ಗುರುತು ಮಾಡಿದಳು.

ಆಕೆ ಗೌನು ಬಿಚ್ಚಿಟ್ಟು ಹೋದ ಮೇಲೆ ನಾನು ಕತ್ತರಿ ಎತ್ತಿಕೊಟ್ಟೆ. ಅಕ್ಕ ಬೇಡವೆಂದಳು. ಹೆಚ್ಚಾದ ಬಟ್ಟೆಯನ್ನು ಒಳಕ್ಕೆ ಮಡಿಚಿ, ಬೇಕೆಂದಾಗ ಬಿಚ್ಚುವಂತೆ ಸಡಿಲವಾಗಿ ಕೈಹೊಲಿಗೆ ಹಾಕತೊಡಗಿದಳು.

"ಬೆಳೆಯೋ ಮಕ್ಕಳ ಬಟ್ಟೆಗೆ ಹೀಗೇ ಮಾಡೋದು ಕಣೇ" ಎಂದಳು. ಆಮೇಲೆ, ಬಟ್ಟೆಗೆ ಕಲೆಯಾಗಬಾರದೆಂದು ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅತ್ತಳು.