ಗುರುತು ಸಿಗದ ಕೊಕ್ಕರೆ

ಮುದುಕನಿಗೆ ಅರಳುಮರುಳು, ಅಲ್ಲಿಯದನ್ನು ಇಲ್ಲಿಗೆ ಸೇರಿಸಿ ಹೇಳುತ್ತಾನೆ ಎನ್ನುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ನನ್ನ ಕನ್ನಡಕ ಎಲ್ಲಿಟ್ಟದ್ದು ಎಂಬುದು ಮರೆಯಬಹುದು. ನಾನು ಹೇಳಹೊರಟ ಪೇಟೆಂಟ್ ಅಧಿಕಾರಿಯ ಮೇಜಿನ ಮೇಲೆ ಮೂರು ಮೊಹರುಗಳಿವೆ, ನಡುವಿನದರ ಹಿಡಿ ಮುರಿದಿದೆ ಎಂಬುದು ಮರೆತಿಲ್ಲ.

ಬೆಳಗಿನ ಆರು ಗಂಟೆ. ಪೇಟೆಂಟ್ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ದೀಪ ಉರಿಯುತ್ತಿದೆ. ಹಿರಿಯ ಅಧಿಕಾರಿ ಅಂಗಿಯ ತೋಳು ಮಡಚಿಕೊಂಡು ಅರ್ಜಿಯೊಂದನ್ನು ಓದಿ ಮುಗಿಸಿ, ಚೀಟಿಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ: 'ಇದು ಏಣಿ.' ಹದಿನೆಂಟು ಪುಟಗಳಲ್ಲಿ ಆ ಪದ ಒಂದು ಸಲವೂ ಬಂದಿಲ್ಲ.

"ಆರೋಹಣ ಸಾಧನ ಅಂತ ಬರ್ದಿದಾರೆ, ಯಜಮಾನ್ರೇ. ಏಣಿ ಅಂದ್ರೆ ಹೊಸದು ಅಂತ ಯಾರು ನಂಬ್ತಾರೆ?" ಎನ್ನುತ್ತಾರೆ, ಎದುರಿಗೆ ಕೂತ ನನಗೆ.

ಹೊಸದನ್ನು ಕಂಡುಹಿಡಿದವರಿಗೆ 'ಇದು ನಿಮ್ಮದು, ಇಪ್ಪತ್ತು ವರ್ಷ ಬೇರೆ ಯಾರೂ ಮಾಡುವಂತಿಲ್ಲ' ಎಂದು ಸರ್ಕಾರ ಕೊಡುವ ಹಕ್ಕೇ ಪೇಟೆಂಟ್. ಅದು ನಿಜಕ್ಕೂ ಹೊಸದೇ, ಮೊದಲೇ ಯಾರಾದರೂ ಮಾಡಿದ್ದಾರೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವುದು ಇವರ ಕೆಲಸ. ಮೂವತ್ನಾಲ್ಕು ವರ್ಷ, ನಾಲ್ಕು ಸಾವಿರಕ್ಕೂ ಮೀರಿದ ಅರ್ಜಿಗಳು. ಈ ತಿಂಗಳ ಕೊನೆಗೆ ನಿವೃತ್ತಿ. ಬೀಳ್ಕೊಡುಗೆಗೆ ಭಾಷಣ ಬರೆದಿದ್ದೀರಾ ಎಂದರೆ ಮುಖ ತಿರುಗಿಸುತ್ತಾರೆ.

ಇವರನ್ನು ಓದಿಸಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವಳಿಗೆ ಹದಿನಾರು, ಇವರಿಗೆ ಆರು. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ದುಡಿಮೆ, ದಿನಕ್ಕೆ ಇನ್ನೂರು ಹಾಸಿಗೆ ಬಟ್ಟೆ. ಕುದಿಯುವ ಹಂಡೆಯಿಂದ ಎತ್ತುವಾಗ ಮೊಣಕೈವರೆಗೂ ಬೊಬ್ಬೆ. ಬೇಸತ್ತ ಅಕ್ಕ ಒಂದು ಕೋಲಿನ ತುದಿ ಸೀಳಿದಳು, ಇನ್ನೊಂದು ತುದಿಗೆ ಕೊಂಡಿ ಕೂರಿಸಿದಳು. ಬಟ್ಟೆಯನ್ನು ಸೀಳಿಗೆ ಸಿಕ್ಕಿಸಿ ತಿರುಚಿ, ಕೊಂಡಿಯನ್ನು ಮೇಲಿನ ಸರಳಿಗೆ ನೇತುಹಾಕಿದರೆ ಬಿಸಿನೀರು ತಾನಾಗಿಯೇ ಹಂಡೆಗೆ ಇಳಿಯುತ್ತಿತ್ತು. ಜೊತೆಯ ಹೆಂಗಸರು ಅದಕ್ಕೆ 'ಕೊಕ್ಕರೆ' ಎಂದು ಹೆಸರಿಟ್ಟರು. ಕೇಳಿದವರಿಗೆಲ್ಲ ಅಕ್ಕ ಒಂದೊಂದು ಮಾಡಿಕೊಟ್ಟಳು. ತಮ್ಮನ ಶಾಲೆಯ ಅಂಗಿ ಒಣಗಿದ್ದೂ ಅದರ ಮೇಲೆಯೇ.

ಕೆಲಸಕ್ಕೆ ಸೇರಿದ ಎಂಟನೇ ವರ್ಷ ಒಂದು ಕಂಪನಿಯ ಅರ್ಜಿ ಇವರ ಮೇಜಿಗೆ ಬಂತು: 'ಆರ್ದ್ರ ವಸ್ತ್ರ ನಿರ್ವಹಣೆಗಾಗಿ ದ್ವಿಶಾಖೀಯ ಸಾಧನ.' ಮನೆಮಾತಿನಲ್ಲಿ, ಒದ್ದೆ ಬಟ್ಟೆ ಎತ್ತುವ ಸೀಳುಕೋಲು. ಆರು ವಾರ ಹುಡುಕಿದರು. ಏಳು ದೇಶಗಳ ಕಡತ ಜಾಲಾಡಿದರು. ಎಲ್ಲೂ ಸಿಗಲಿಲ್ಲ. ಸಹಿ ಹಾಕಿದರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಎಂದರೆ ಇದೇ.

ಮರುವರ್ಷ ಆಸ್ಪತ್ರೆಗೆ ಉಕ್ಕಿನ ಕೋಲುಗಳು ಬಂದವು. ಪೇಟೆಂಟಿನ ಪ್ರತಿಯನ್ನು ಗೋಡೆಗೆ ಅಂಟಿಸಿ ಮೇಸ್ತ್ರಿ ಹೇಳಿದ, "ಇನ್ಮೇಲೆ ಮರದ್ದು ಮಾಡ್ಬೇಡಮ್ಮ. ನಕಲು ಅಂತ ಕೇಸ್ ಹಾಕ್ತಾರಂತೆ." ತನ್ನದೇ ಕೋಲಿಗೆ ತಾನೇ ಕಳ್ಳಿಯಾದ ಅಕ್ಕ ಅಂದು ಸಂಜೆ ತಮ್ಮನ ಮನೆಗೆ ಬಂದಳು.

"ನಿಮ್ಮ ಆಫೀಸಿನೋರೇ ಯಾರೋ ಸಹಿ ಹಾಕಿದಾರಂತಲ್ಲೋ. ಯಾರಪ್ಪಾ ಅದು?"

ತಾನು ಸಹಿ ಹಾಕಿದ್ದು ಅಕ್ಕನ ಕೊಕ್ಕರೆಗೇ ಎಂದು ತಮ್ಮನಿಗೆ ಆಗ ಹೊಳೆಯಿತು. ತಪ್ಪಾಗಿದೆ ಎಂದು ಆಗಲೇ ಬರೆದು ಕೊಟ್ಟಿದ್ದರೆ, ಒಗೆಯುವ ಕೋಣೆಯ ಹೆಂಗಸರೇ ಸಾಕ್ಷಿ ಹೇಳುತ್ತಿದ್ದರು, ಪೇಟೆಂಟ್ ರದ್ದಾಗುತ್ತಿತ್ತು. ಆದರೆ ಬಡ್ತಿಯ ಪಟ್ಟಿ ಆ ವಾರವೇ ಹೊರಬೀಳಲಿತ್ತು.

"ಯಾರೋ ಹಳೇ ಅಧಿಕಾರಿ ಕಣಕ್ಕಾ. ರಿಟೈರ್ ಆಗ್ಬಿಟ್ರು," ಎಂದರು.

ಅಕ್ಕ ಮತ್ತೆ ಕೇಳಲಿಲ್ಲ. ಕೋಲೂ ಮಾಡಲಿಲ್ಲ. ಪೇಟೆಂಟಿನ ಅವಧಿ ಮುಗಿದೇ ಆರು ವರ್ಷವಾಯಿತು. ಆ ಸುಳ್ಳು ಮಾತ್ರ ಗಂಟಲಲ್ಲಿ ಬಿಸಿತುಪ್ಪದ ಹಾಗೆ ಉಳಿಯಿತು, ಉಗುಳಲೂ ಆಗದೆ, ನುಂಗಲೂ ಆಗದೆ. ಪ್ರತಿ ಅರ್ಜಿಗೂ ಮನೆಮಾತಿನ ಚೀಟಿ ಅಂಟಿಸುವ ಅಭ್ಯಾಸ ಶುರುವಾದದ್ದು ಅಲ್ಲಿಂದ. "ಅಕ್ಕನಿಗೆ ಅರ್ಥ ಆಗೋ ಹಾಗೆ ಬರ್ಕೊಂಡ್ರೆ ಮೋಸ ಹೋಗಲ್ಲ," ಎನ್ನುತ್ತಾರೆ.

ಕಳೆದ ಭಾನುವಾರ ಅವಳ ಅಡುಗೆಮನೆಯಲ್ಲಿ ನಿಂತು ಎಲ್ಲ ಹೇಳಿಬಿಟ್ಟರಂತೆ. ಅಕ್ಕ ಪಾತ್ರೆ ಒರೆಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣೋ. ಗೋಡೆ ಮೇಲಿನ ಕಾಗದದಲ್ಲಿ ನಿನ್ನ ಸಹಿ ನೋಡಿದ್ದೆ. ಸ್ಲೇಟ್ ಮೇಲೆ ಕೈ ಹಿಡಿದು ತಿದ್ದಿಸಿದೋಳಿಗೆ ಗೊತ್ತಾಗಲ್ವಾ?"

"ಮತ್ಯಾಕೆ ಯಾರು ಅಂತ ಕೇಳ್ದೆ?"

"ನೀನೇ ಹೇಳ್ತೀಯೇನೋ ಅಂತ." ಪಾತ್ರೆ ಕವುಚಿಟ್ಟಳು. "ನಿನ್ನ ಸಹಿ ನಾನು ಗುರುತು ಹಿಡಿದೆ. ನನ್ನ ಕೋಲು ನೀನು ಹಿಡೀಲಿಲ್ಲ."

ಇಷ್ಟು ಹೇಳಿ ಅಧಿಕಾರಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸುತ್ತಾರೆ. ಹಳೆಯ ಕಡತಕ್ಕೆ ಒಂದು ಪುಟದ ತಪ್ಪೊಪ್ಪಿಗೆ ಸೇರಿಸಿದ್ದಾರೆ. ಬೀಳ್ಕೊಡುಗೆಯ ದಿನ ಅದನ್ನೇ ಓದುತ್ತಾರಂತೆ. ಹೊಸದಾಗಿ ಸೇರಿದ ಪರೀಕ್ಷಕರಿಗೆ ಮೊದಲ ಪಾಠವೂ ಅದೇ ಆಗಲಿ ಎಂಬುದೊಂದೇ ಆಸೆ.

"ನನ್ನ ಸುದ್ದಿ ಬಿಟ್ರೂ ನಡೆಯತ್ತೆ, ಯಜಮಾನ್ರೇ. ಕೊಕ್ಕರೆ ಮಾಡಿದ್ದು ನಮ್ಮಕ್ಕ ಅನ್ನೋದು ಮಾತ್ರ ಬಿಡ್ಬೇಡಿ."

ಬಿಟ್ಟಿಲ್ಲ. ಕೇಳಿದವರು ನೀವೂ ಬಿಡಬೇಡಿ, ಇನ್ನೊಬ್ಬರ ಕಿವಿಗೆ ಹಾಕಿ. ಅಂದು ಯಾವ ಕಡತದಲ್ಲೂ ಸಿಗದೇ ಹೋದದ್ದು ಇನ್ನು ನಾಲ್ಕು ಬಾಯಲ್ಲಾದರೂ ಇರಲಿ.