ಹಿಂದಿನ ಸೀಟಿನ ವರ್ನಾನ್

ಮೇಪಲ್ ಎಲೆ ಉದುರತೊಡಗಿದರೆ ಕೆಂಟಕಿಯ ಈ ಜಲಾಶಯದಲ್ಲಿ ವರ್ನಾನ್ ಟ್ಯಾಕೆಟ್‌ನನ್ನು ಹಿಡಿಯುವವರಿಲ್ಲ. ಮಂಜು ಕರಗುವ ಮೊದಲೇ ದೋಣಿ ಇಳಿಸುತ್ತಾನೆ, ಆರಿದ ಕಾಫಿ ಕುಡಿಯುತ್ತಾನೆ, ಕ್ರ್ಯಾಂಕ್‌ಬೇಟ್ ಎಂಬ ಮರದ ಹುಸಿಮೀನಿನ ಕೊಕ್ಕೆ ಮಸೆಯುತ್ತ ಅದಕ್ಕೇ ಬುದ್ಧಿ ಹೇಳುತ್ತಾನೆ: "ಬೊಡ್ಡೆಗೆ ಢಿಕ್ಕಿ ಹೊಡಿ ಮಗನೇ, ಆಗ್ಲೇ ಬಾಸ್ ಮೀನಿಗೆ ಸಿಟ್ಟು ಬರೋದು." ಅದು ನೀರಡಿಯ ಬೊಡ್ಡೆಗೆ ಸಿಕ್ಕಿಕೊಂಡರೆ ದಾರ ಕತ್ತರಿಸುವ ಜಾಯಮಾನದವನಲ್ಲ, ಅರ್ಧ ದಿನವಾದರೂ ಜಗ್ಗುತ್ತ ಬೊಡ್ಡೆಯ ವಂಶವನ್ನೆಲ್ಲ ಜಾಲಾಡುತ್ತಾನೆ. ದೋಣಿ ಅವನದೇ. ಮುಂದಿನ ಸೀಟು, ಹೊಸ ನೀರಿಗೆ ಗಾಳದ ಮೊದಲ ಎಸೆತ, ಎರಡೂ ಯಜಮಾನನ ಹಕ್ಕು. ಆದರೂ ಈ ಶರತ್ಕಾಲದಲ್ಲಿ ಅವನು ಮುಂದಿನದನ್ನು ಖಾಲಿ ಬಿಟ್ಟು ಹಿಂದೆ ಕೂರುತ್ತಾನೆ, ಬರಿಗೈಯಲ್ಲಿ ಮರಳುತ್ತಾನೆ. ವರ್ಷಗಟ್ಟಲೆ ಆ ಹಿಂದಿನ ಸೀಟಿನಲ್ಲಿ ಕೂತು, ವರ್ನಾನ್ ಸೋಸಿ ಬಿಟ್ಟ ನೀರಿಗೇ ಎಸೆದು, "ಪರ್ವಾಗಿಲ್ಲ ಭಾವ" ಅನ್ನುತ್ತಿದ್ದವನು ಅವನ ಭಾವಮೈದುನ ಡೆಲ್ಬರ್ಟ್, ವಸಂತದಲ್ಲಿ ತೀರಿಕೊಂಡ. ಮೊನ್ನೆ ದಡದ ಅಂಗಡಿಯ ಹಾರ್ಲನ್ ಕಿಚಾಯಿಸಿದ: "ಏನೋ, ನಿನ್ ದೋಣೀಲಿ ನೀನೇ ಬಾಡಿಗೆಗಿದ್ದೀಯಾ?" ವರ್ನಾನ್ ಹಗ್ಗ ಕಟ್ಟುತ್ತಿದ್ದವನು ತಲೆಯೆತ್ತಲಿಲ್ಲ. "ಹಿಂದೆ ಕೂತ್ರೆ ನೀರು ಕಾಣಲ್ಲ ಕಣೋ, ಮುಂದೆ ಕೂತೋನ ಬೆನ್ನೇ ಕಾಣೋದು. ಡೆಲ್ಬರ್ಟ್ ಒಂದಿನಾನೂ ಹೇಳ್ಲಿಲ್ಲ ನೋಡು."