ಡಿಕ್ಕಿಯೊಳಗಿನ ಬೆಳಕು

ಆಗೆಲ್ಲ ಊರಿಗೆ ಒಂದು ಕಾರಿದ್ದರೆ ಹೆಚ್ಚು. ಆ ಕಾರಿದ್ದ ಮನೆಯ ಮಕ್ಕಳು ಪುಣ್ಯವಂತರೆಂದು ಉಳಿದ ಮಕ್ಕಳು ತಿಳಿದಿದ್ದರು. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅದನ್ನು ತಳ್ಳಬೇಕಾದವರೂ ನಾವೇ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹಳೇ ಕಾರು ತಳ್ಳಿ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ, ಇಬ್ಬನಿ ಕೂತ ತಣ್ಣನೆಯ ತಗಡು, ಹೊಟ್ಟೆ ತೊಳೆಸುವ ಪೆಟ್ರೋಲ್ ಹೊಗೆ, ಕೊನೆಗೊಮ್ಮೆ ಎಂಜಿನ್ನು ಗುರ್ ಎಂದಾಗ ಆಗುತ್ತಿದ್ದ ಸಂತೋಷ ಎಲ್ಲವೂ ಅವರಿಗೆ ನೆನಪಾದೀತು.

ನಮ್ಮದು ದೊಡ್ಡಮಳೂರಿನ ಪಕ್ಕದ ಹಳ್ಳಿ. ಅಪ್ಪ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುತ್ತಿದ್ದ. ಗೂಡನ್ನು ಹೊತ್ತಿಗೆ ಸರಿಯಾಗಿ ರಾಮನಗರದ ಮಾರುಕಟ್ಟೆಗೆ ಮುಟ್ಟಿಸಲು ಒಂದು ಗಾಡಿ ಬೇಕಿತ್ತು. ಅಮ್ಮನ ಅಣ್ಣ, ಕೋಡಿಹಳ್ಳಿಯ ಕೆಂಪಣ್ಣ ಮಾವ, ತಾನು ವರ್ಷಗಟ್ಟಲೆ ಓಡಿಸಿದ್ದ ಬಿಳಿ ಕಾರನ್ನು ಶ್ರಾವಣ ಹುಟ್ಟುತ್ತಲೇ ನಮಗೆ ಕೊಟ್ಟ. ಅಪ್ಪ ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿ, ಮಾವನಿಗೆ ಊಟ ಹಾಕಿಸಿ ಬಸ್ಸು ಹತ್ತಿಸಿದ. ಬಸ್ಸು ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದುಕೊಂಡು ಕಾರಿನ ಹಿಂದೆ ಒಬ್ಬನೇ ಏನೋ ಮಾಡಿದ. ಏನಪ್ಪ ಅದು ಎಂದು ಕೇಳಿದರೆ "ದೃಷ್ಟಿಗೆ" ಎಂದಷ್ಟೇ ಹೇಳಿದ.

ಮಾರನೆಯ ಬೆಳಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿತ್ತು. ತಳ್ಳಿದೆವು, ಓಡಿತು, ಸಂಜೆಯವರೆಗೂ ಚೆನ್ನಾಗಿಯೇ ಇತ್ತು. ಅದರ ಮರುದಿನ ಬೆಳಗ್ಗೆ ಮತ್ತೆ ಅದೇ ಕಥೆ. ಹಿಂದಿನ ಸೀಟು ಕಿತ್ತು ಗೂಡಿನ ಚೀಲ ತುಂಬಿಟ್ಟುಕೊಂಡು, ಮಾರುಕಟ್ಟೆಯ ಹೊತ್ತು ಮೀರುತ್ತಿದೆಯೆಂದು ಅಪ್ಪ ಸ್ಟೇರಿಂಗಿಗೆ ಗುದ್ದುತ್ತಿದ್ದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ತಳ್ಳುತ್ತಿದ್ದಳು.

ನಮ್ಮಪ್ಪ ಒಳ್ಳೆಯವನೇ. ಆದರೆ ಹಾಲು ಹಗ್ಗ ಎರಡನ್ನೂ ಒಂದೇ ಕಣ್ಣಲ್ಲಿ ನೋಡುವ ಮನುಷ್ಯ. ಹಾಲಿನಲ್ಲಿ ನೀರು ಕಾಣುತ್ತಿತ್ತು, ಹಗ್ಗದಲ್ಲಿ ಹಾವು ಕಾಣುತ್ತಿತ್ತು. ಮೊದಲು ಅವನಿಗೆ ಎದುರುಮನೆಯವರ ಮೇಲೆ ಅನುಮಾನ ಬಂತು. ಅವರ ಮನೆಯ ಹುಡುಗರು ರಾತ್ರಿ ನಮ್ಮ ಬ್ಯಾಟರಿಗೆ ವೈರು ಕೊಟ್ಟು ರೇಡಿಯೋ ಕೇಳುತ್ತಾರೆ ಎಂದು ಕಾರಿನ ಸುತ್ತ ಒಲೆಯ ಬೂದಿ ಜರಡಿ ಹಿಡಿದು ಚೆಲ್ಲಿಸಿದ. ಬೆಳಗ್ಗೆ ಬಗ್ಗಿ ಬಗ್ಗಿ ಹೆಜ್ಜೆ ಹುಡುಕಿದರೆ ಸಿಕ್ಕಿದ್ದು ನಮ್ಮ ಹೇಂಟೆಯ ಹೆಜ್ಜೆ. ಬಾನೆಟ್ಟಿಗೆ ಕಪ್ಪು ದಾರ ಕಟ್ಟಿ ನೋಡಿದ. ದಾರ ಕಟ್ಟಿದಂತೆಯೇ ಇತ್ತು, ಬ್ಯಾಟರಿ ಮಾತ್ರ ಸತ್ತಿತ್ತು.

ಆಮೇಲೆ ಚನ್ನಪಟ್ಟಣದಲ್ಲಿ ಗಾಡಿಗಳ ಕರೆಂಟ್ ಕೆಲಸ ಮಾಡುವ ನಯಾಜ್ ಸಾಬರ ಹತ್ತಿರ ಹೋದೆವು. ನಾನು ಆಗ ಐದನೇ ಕ್ಲಾಸು. ಅವರು ಬ್ಯಾಟರಿಯ ಒಂದು ವೈರು ಬಿಚ್ಚಿ, ಆ ವೈರಿಗೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಹಿಡಿದರು. ಕಾರಿನಲ್ಲಿ ಎಲ್ಲ ಬಂದ್ ಆಗಿದ್ದರೂ ಬಲ್ಬು ಮಿಣುಕುಮಿಣುಕಾಗಿ ಹತ್ತಿಕೊಂಡಿತು. ನನಗೆ ಮೈ ಜುಂ ಎಂದಿತು.

"ಚಾರ್ಜು ಸುಮ್ನೆ ಸಾಯಾಕಿಲ್ಲ ಗೌಡ್ರೇ. ಒಳಗೆ ಯಾವುದೋ ಒಂದು ಕುಡೀತಾ ಐತೆ," ಎಂದರು ಅವರು. "ಒಂದೊಂದೇ ಫ್ಯೂಸು ಕೀಳ್ತಾ ಹೋದ್ರೆ, ಯಾವುದು ಕಿತ್ತಾಗ ಬಲ್ಬು ಆರ್ತದೋ ಆ ಲೈನಲ್ಲೇ ಕಳ್ಳ. ಗಾಡಿ ಬುಟ್ಟೋಗಿ, ನೋಡ್ತೀನಿ."

ಬಿಟ್ಟುಹೋಗುವುದೇ? ಬಿಟ್ಟರೆ ಒಳ್ಳೇ ಸಾಮಾನೆಲ್ಲ ಬಿಚ್ಚಿಕೊಂಡು ಗುಜರಿ ಸಾಮಾನು ತುಂಬುತ್ತಾರೆ ಎಂದು ಅಪ್ಪ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಹೇಳಿದ. ಪಾಪ, ನಯಾಜ್ ಸಾಬರು ಹೇಳಿದ್ದನ್ನು ಮಾತ್ರ ಕಾಸು ಕೊಡದೆ ಮನೆಗೆ ಹೊತ್ತು ತಂದಿದ್ದ.

ಮನೆಯಲ್ಲಿ ಹುಣಸೆಮರದ ನೆರಳಿಗೆ ಕಾರು ನಿಲ್ಲಿಸಿ ತಾನೇ ಕೂತ. ಬಲ್ಬು ನಾನು ಹಿಡಿದಿದ್ದೆ. ಅಪ್ಪ ಒಂದೊಂದೇ ಫ್ಯೂಸು ಕಿತ್ತ. ಒಂದನ್ನು ಕಿತ್ತಾಗ ಬಲ್ಬು ಆರಿತು. ಅದರಲ್ಲಿ ಮೇಲುಚಾವಣಿಯ ಲೈಟು, ನಿಂತುಹೋದ ಗಡಿಯಾರ, ಡಿಕ್ಕಿಯ ಲೈಟು ಇಷ್ಟೇ ಇದ್ದದ್ದು. ಫ್ಯೂಸು ವಾಪಸ್ ಹಾಕಿ ಚಾವಣಿಯ ಲೈಟು ಬಿಚ್ಚಿದ. ಕೈಯಲ್ಲಿನ ಬಲ್ಬು ಉರಿಯುತ್ತಲೇ ಇತ್ತು. ಗಡಿಯಾರ ಕಿತ್ತ. ಆಗಲೂ ಉರಿಯುತ್ತಿತ್ತು. ಡಿಕ್ಕಿ ತೆಗೆದು ನೋಡಿದ. ಅದರ ಲೈಟು ಹತ್ತಿತ್ತು. ತೆಗೆದಾಗ ಹತ್ತುವುದು, ಮುಚ್ಚಿದಾಗ ಆರುವುದು ಅದರ ಧರ್ಮ ಎಂದು ಧಡ್ ಎಂದು ಮುಚ್ಚಿದ. ಆಗಲೂ ನನ್ನ ಕೈಯಲ್ಲಿನ ಬಲ್ಬು ಆರಲಿಲ್ಲ.

ಹಾಗಾದರೆ ಉಳಿದದ್ದೇನು? ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ನಿಮ್ಮಣ್ಣ ಡಿಕ್ಕಿ ಒಳಗೆ ಎಲ್ಲೋ ಕಳ್ಳ ವೈರು ಎಳೆದವ್ನೆ ಕಣೇ. ಕೆಟ್ಟೋಗಿರೋ ಗಾಡೀನ ತಂಗಿ ಮನೆಗೆ ದಾಟಿಸವ್ನೆ."

ಅಮ್ಮ ರಾಗಿಮುದ್ದೆ ತಿರುವುವ ಕೋಲನ್ನು ಪಾತ್ರೆಯಲ್ಲೇ ಬಿಟ್ಟಳು. ಗೌರಿ ಹಬ್ಬ ಹತ್ತಿರ ಬಂದಿತ್ತು. ಪ್ರತಿ ವರ್ಷವೂ ಮಾವ ಕೋಡಿಹಳ್ಳಿಯಿಂದ ಮೊರಕ್ಕೆ ಮೊರ ಮುಚ್ಚಿದ ಬಾಗಿನ ತರುತ್ತಿದ್ದ. ಬಳೆ, ಅರಿಶಿನ, ಸೀರೆ, ಅದರ ಮೇಲೆ ಅಜ್ಜಿ ಕಳಿಸುತ್ತಿದ್ದ ಕರ್ಜಿಕಾಯಿ. ಅಪ್ಪ ಅಂದೇ ಸಂತೆಯಲ್ಲಿ ಸಿಕ್ಕಿದ ಕೋಡಿಹಳ್ಳಿಯವನ ಕೈಲಿ, ಕೊಟ್ಟ ಗಾಡಿ ಕೆಟ್ಟದ್ದು, ಈ ಸಲ ಬಾಗಿನ ತರುವುದು ಬೇಡವಂತೆ ಎಂದು ಹೇಳಿ ಕಳಿಸಿಬಿಟ್ಟ. ತವರಿನ ಬಾಗಿನ ನಿಂತರೆ ಹೆಣ್ಣಿಗೆ ತವರೇ ನಿಂತಂತೆ. ಅಮ್ಮ ಅಳಲಿಲ್ಲ. ಅಪ್ಪನಿಗೆ ಊಟ ಬಡಿಸಿದಳು, ಮಾತಾಡಿಸಲಿಲ್ಲ. ನನಗೂ ಮಾವನ ಮೇಲೆ ಅನುಮಾನ ಹುಟ್ಟಿತ್ತು. ಅವನು ನಕ್ಕಿದ್ದು, ಕಾರನ್ನು ಸವರಿದ್ದು ಎಲ್ಲವೂ ನಾಟಕದಂತೆ ಕಾಣತೊಡಗಿತು.

ಕಳ್ಳ ವೈರು ಹುಡುಕಲು ಡಿಕ್ಕಿಯೊಳಗೆ ಇಳಿಯಬೇಕಿತ್ತು. ಅಪ್ಪನ ಹೊಟ್ಟೆ ಅದರಲ್ಲಿ ಹಿಡಿಸುವಂಥದ್ದಲ್ಲ. ಮುಚ್ಚಿದ ಮೇಲೆ ಎಲ್ಲಾದರೂ ಕಿಡಿ ಕಾಣುತ್ತದೆಯೇ ನೋಡು ಎಂದು ನನ್ನನ್ನು ಒಳಗೆ ಕೂರಿಸಿದ. ಅಮ್ಮ ಕೀಲಿಯನ್ನು ಅವನ ಕೈಯಿಂದ ಕಿತ್ತುಕೊಂಡು ತಾನೇ ಹಿಡಿದು ನಿಂತಳು. ಸ್ಟೆಪ್ನಿಯ ರಬ್ಬರು, ಹಳೇ ಗೋಣಿ, ರೇಷ್ಮೆಹುಳು ಎಲ್ಲ ಸೇರಿದ ವಾಸನೆಯಲ್ಲಿ ಮಂಡಿ ಮಡಚಿ ಮಲಗಿದೆ. ಮುಚ್ಚಳ ಬಿತ್ತು.

"ಕತ್ತಲಾಯ್ತಾ ಮಗ?" ಅಪ್ಪನ ದನಿ ಬಾವಿಯಿಂದ ಬಂದಂತೆ ಕೇಳಿತು.

"ಇಲ್ಲ ಕಣಪ್ಪ. ಬೆಳಕೈತೆ."

"ಸಂದೀಲಿ ಬಿಸಿಲು ಬತ್ತಾ ಐತಾ?"

"ಇಲ್ಲ. ಲೈಟೇ ಉರೀತಾ ಐತೆ. ನನ್ನ ಬಳೆ ಕಾಣ್ತಾವೆ."

ಮುಚ್ಚಳ ಬಿದ್ದಾಗ ಒಂದು ಸಣ್ಣ ಗುಂಡಿ ಒತ್ತಿಕೊಂಡು ಆ ಲೈಟು ಆರಬೇಕಿತ್ತು. ನಾನು ಅಂಚಿನಲ್ಲಿ ಹುಡುಕಿದೆ. ಗುಂಡಿ ಅರ್ಧಂಬರ್ಧ ಒತ್ತಿಕೊಂಡಿತ್ತು. ಅದರ ಪಕ್ಕದಲ್ಲೇ ಯಾರೋ ಏನನ್ನೋ ಸ್ಕ್ರೂ ಹಾಕಿ ಕೂರಿಸಿದ್ದರು.

"ಅಪ್ಪ, ಇಲ್ಲೊಂದು ಕುದುರೆ ಲಾಳ ಐತೆ. ಮುಚ್ಚಳ ಅದರ ಮೇಲೆ ಕೂತೈತೆ. ಅದಕ್ಕೇ ಗುಂಡಿ ಪೂರ್ತಿ ಒತ್ತಿಲ್ಲ."

ಆಮೇಲೆ ಅಮ್ಮನ ದನಿ ಕೇಳಿತು. ಅವಳು ಕೇಳುತ್ತಿದ್ದದ್ದು ಅಪ್ಪನನ್ನು.

"ಆ ಲಾಳ ಯಾರ ಕಣ್ಣಿಗೆ ಅಂತ ಹೊಡೆದ್ರಿ? ನಮ್ಮಣ್ಣನ ಕಣ್ಣಿಗಾ?"

ಕೊಟ್ಟವರ ಆಸೆ ಗಾಡಿಯ ಮೇಲೇ ಉಳಿದಿರುತ್ತದೆ, ಅದು ತಾಗಬಾರದೆಂದು ಲಾಳ ಹೊಡೆಯುವುದು ನಮ್ಮ ಕಡೆ ಇದ್ದದ್ದೇ. ಹೊರಗೆ ಹೊಡೆದರೆ ಮಾವ ನೋಡಿಯಾನೆಂದು ಅಪ್ಪ ಒಳಗೆ ಹೊಡೆದಿದ್ದ. ಅಮ್ಮ ಕೀಲಿ ತಿರುಗಿಸಿದಾಗ ನಾನು ಎದ್ದು ಕೂತು ನೋಡಿದರೆ ಅಪ್ಪ ಹುಣಸೆಮರವನ್ನು ನೋಡುತ್ತಿದ್ದ.

ಸ್ಕ್ರೂ ಬಿಚ್ಚಿ ಲಾಳ ಕಿತ್ತು ಮುಚ್ಚಿದ್ದೇ ತಡ, ಬ್ಯಾಟರಿಗೆ ಹಿಡಿದಿದ್ದ ಬಲ್ಬು ತಣ್ಣಗೆ ಆರಿತು. ಅಷ್ಟೇ ರಿಪೇರಿ. ಅಪ್ಪ ಲಾಳವನ್ನು ಬಾವಿಗೆ ಎಸೆದು ಬಂದು, ಹಬ್ಬದಲ್ಲಿ ಬಸ್ಸು ರಶ್ಶು, ಭಾವನನ್ನು ನಾನೇ ಕರೆದುಕೊಂಡು ಬತ್ತೀನಿ ಎಂದು ಗೋಡೆಗೆ ಹೇಳಿದ. ಅಮ್ಮ ಆವತ್ತು ಅವನಿಗೆ ಕಾಫಿ ಕೊಟ್ಟಳು.

ಸಾತನೂರು ದಾರಿಯಲ್ಲಿ ಕೋಡಿಹಳ್ಳಿಗೆ ಹೋದೆವು. ಹಿಂದೆ ಗೋಣಿಚೀಲದ ಮೇಲೆ ನಾನು ಕೂತಿದ್ದೆ. ಮಾವ ಜಗಲಿಯಿಂದ ಇಳಿದವನು ಅಪ್ಪನ ಮುಖ ನೋಡಲಿಲ್ಲ, ಕಾರು ನೋಡಿದ. ಹೇಳಿ ಕಳಿಸಿದ್ದ ಮಾತು ಅವನಿಗೆ ಮುಟ್ಟಿತ್ತು. ಅನುಮಾನಪಡುವ ಸರದಿ ಈಗ ಅವನದಾಗಿತ್ತು.

"ಏನಾಗಿತ್ತು ಭಾವ ಗಾಡಿಗೆ?" ಎಂದ.

"ಇಲಿ," ಎಂದ ಅಪ್ಪ. "ಇಲಿ ವೈರು ಕಡಿದಿತ್ತು."

ಮಾವ ಒಳಗೆ ಹೋಗಿ ದಾರ ಸುತ್ತಿದ ಮೊರದ ಜೋಡಿಯನ್ನು ಎರಡೂ ಕೈಯಲ್ಲಿ ತಂದ. ಅಪ್ಪ ಅಜ್ಜಿಯೊಂದಿಗೆ ಮಾತಾಡುತ್ತಿದ್ದ. ಡಿಕ್ಕಿ ತೆಗೆದುಕೊಟ್ಟವಳು ನಾನು. ಅಂಚಿನಲ್ಲಿ ಎರಡು ತೂತು, ಅವುಗಳ ಸುತ್ತ ಮಳೆಗಾಲದ ತುಕ್ಕು ಬರೆದ ಅರ್ಧಚಂದ್ರ. ಮಾವ ಅದರ ಮೇಲೆ ಬೆರಳಾಡಿಸಿದ. ಇನ್ನು ಬಾಗಿನ ವಾಪಸ್ ಒಳಗೆ ಹೋಗುತ್ತದೆ ಅಂದುಕೊಂಡೆ.

"ಈ ಇಲಿ ಕಾಲಿಗೆ ಯಾರೋ ಲಾಳ ಹೊಡೆಸವ್ರೆ ಕಣವ್ವ," ಎಂದ ಮೆಲ್ಲಗೆ. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. ಆಮೇಲೆ ಆ ಗುರುತು ಮರೆಯಾಗುವಂತೆ ಮೊರದ ಅಂಚನ್ನು ಅದಕ್ಕೆ ಆನಿಸಿಟ್ಟು ಡಿಕ್ಕಿ ಮುಚ್ಚಿದ. ಮುಂದೆ ಅಪ್ಪನ ಪಕ್ಕ ಕೂತು, ಈ ಸಲ ಗೂಡು ಹೆಂಗೆ ಭಾವ ಎಂದು ಕೇಳಿದ. ಸಾಯುವವರೆಗೂ ಆ ಇಲಿಯನ್ನು ನಂಬಿದವನಂತೆಯೇ ಇದ್ದ.

ಈಗ ನನ್ನ ಕಾರು ತನ್ನ ಕಾಯಿಲೆಯನ್ನು ತಾನೇ ಪರದೆಯ ಮೇಲೆ ಬರೆದು ತೋರಿಸುತ್ತದೆ. ಯಾರನ್ನೂ ಡಿಕ್ಕಿಯಲ್ಲಿ ಕೂರಿಸಬೇಕಿಲ್ಲ. ನೆಂಟರೂ ಹಾಗೇ ಆಗಿದ್ದಾರೆ. ಯಾರ ಮೇಲೆ ಅನುಮಾನ ಬಂದರೂ ಮನೆಯವರ ಮೊಬೈಲ್ ಗುಂಪಿನಲ್ಲಿ ಫೋಟೋ ಸಮೇತ ಬರುತ್ತದೆ. ಹೋದ ವರ್ಷ ಕೆಂಪಣ್ಣ ಮಾವನ ಮಗನೂ ನಾನೂ ಒಂದು ಸಣ್ಣ ಮಾತಿಗೆ ಅಲ್ಲಿ ಜಗಳವಾಡಿದೆವು. ಅವನು ತನ್ನ ಸಾಕ್ಷಿ ಹಾಕಿದ, ನಾನು ನನ್ನದು ಹಾಕಿದೆ. ಇಬ್ಬರ ಮಾತೂ ನಿಜವೇ. ಗೌರಿ ಹಬ್ಬದ ದಿನ ಕೋಡಿಹಳ್ಳಿಯಿಂದ ಯಾರೂ ಬರಲಿಲ್ಲ.

ಇಲಿ ಎಂದು ಒಂದು ಸುಳ್ಳು ಹೇಳಲು ನಮಗೆ ಇಬ್ಬರಿಗೂ ಬಾಯಿ ಬರಲಿಲ್ಲ. ಹೇಳಿದ್ದರೂ, ಗೊತ್ತಿದ್ದೂ ನಂಬಿದವನಂತೆ ಅದಕ್ಕೆ ಮೊರ ಆನಿಸಿ ಮರೆಮಾಡಲು ಮಾವ ಇರಲಿಲ್ಲ.